ಬುಡನ್ ಸಾಬರ ಎಡಗಿವಿ

ತುಮಕೂರಿನ ಸದಾಶಿವನಗರದಲ್ಲಿ ಫಾಯಿಜಾ ಎಂಬ ಹೆಣ್ಣುಮಗಳು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾಳೆ. ಪಹಣಿ ಬೇಕೆಂದವರು, ಸ್ಕಾಲರ್‌ಶಿಪ್ ಅರ್ಜಿ ತುಂಬಬೇಕೆಂದವರು, ಆಧಾರ್ ಕಾರ್ಡಿಗೆ ಲ್ಯಾಮಿನೇಷನ್ ಬೇಕೆಂದವರು ಬೆಳಗಿನಿಂದ ಸಂಜೆವರೆಗೆ ಅಲ್ಲಿ ಸಾಲು ನಿಂತಿರುತ್ತಾರೆ. ಅದೇ ಅಂಗಡಿಯ ಮೂಲೆಯಲ್ಲಿ, ಫ್ಯಾನಿನ ಗಾಳಿ ತಲುಪದ ಕಡೆ, ಒಂದು ಮೇಜು ಹಾಕಿಕೊಂಡು ಅವಳ ತಂದೆ ಬುಡನ್ ಸಾಬರು ಕೂತಿರುತ್ತಾರೆ. ಮೇಜಿನ ಮುಂದೆ ರಟ್ಟಿನ ಬೋರ್ಡು: ‘ಹಳೇ ಮದುವೆ ಕ್ಯಾಸೆಟ್, ಸಿಡಿ ಪೆನ್‌ಡ್ರೈವಿಗೆ ಹಾಕಿಕೊಡಲಾಗುವುದು.’ ವಾರಕ್ಕೆ ಇಬ್ಬರು ಗಿರಾಕಿ ಬಂದರೆ ಹೆಚ್ಚು. ಮಿಕ್ಕ ಹೊತ್ತೆಲ್ಲ ಮಗಳ ಗಿರಾಕಿಗಳಿಗೆ ಪೆನ್ನು ಎರವಲು ಕೊಡುವುದು, ಕೊಟ್ಟ ಪೆನ್ನು ವಾಪಸ್ ಬರುತ್ತದೋ ಇಲ್ಲವೋ ಎಂದು ಕಾಯುವುದು, ಇಷ್ಟೇ ಕೆಲಸ.

ಒಂದು ಕಾಲಕ್ಕೆ ಇದೇ ಮನುಷ್ಯ ತಲೆಯಾಡಿಸದೆ ತುಮಕೂರು, ಗುಬ್ಬಿ, ಕುಣಿಗಲ್ ಕಡೆ ತಾಳಿ ಬೀಳುತ್ತಿರಲಿಲ್ಲ ಎಂದರೆ ಈಗಿನವರು ನಂಬುವುದಿಲ್ಲ. ಅಯ್ನೋರು ‘ಗಟ್ಟಿಮೇಳ’ ಎಂದು ಕೂಗಿದರೂ ಮದುಮಗ ತಾಳಿ ಹಿಡಿದುಕೊಂಡು ವಿಡಿಯೋದವರ ಕಡೆ ನೋಡುತ್ತಿದ್ದ. ಸಾಬರು ಕ್ಯಾಮೆರಾದ ಹಿಂದಿನಿಂದ ‘ಹ್ಞೂಂ, ಹಾಕಿ’ ಅಂದ ಮೇಲೇ ಗಂಟು. ಊರವರು ಅವರನ್ನು ಮಿಕ್ಸಿಂಗ್ ಬುಡನ್ ಸಾಬ್ ಅನ್ನುತ್ತಿದ್ದರು. ಆ ಕಾಲದ ಮದುವೆ ವಿಡಿಯೋ ನೋಡಿದವರಿಗೆ ನೆನಪಿರಬೇಕು. ಗಂಡು ಹೆಣ್ಣು ಗುಲಾಬಿ ಹೂವಿನೊಳಗಿಂದ ಎದ್ದು ಬರುತ್ತಿದ್ದರು, ವಿಮಾನದ ಕಿಟಕಿಯಲ್ಲಿ ಇಣುಕುತ್ತಿದ್ದರು. ಗುಬ್ಬಿ ತಾಲ್ಲೂಕಿನ ಗಡಿ ದಾಟದ ಸೋದರತ್ತೆ ಹಿಮದ ಬೆಟ್ಟದ ಮೇಲೆ ಆರತಿ ತಟ್ಟೆ ಹಿಡಿದು ನಿಂತಿರುತ್ತಿದ್ದಳು. ಇದಕ್ಕೇ ಮಿಕ್ಸಿಂಗ್ ಎಂದು ಹೆಸರು. ಅದರಲ್ಲಿ ಸಾಬರದು ಎತ್ತಿದ ಕೈ.

ಚಿತ್ರಕ್ಕೆ ಇಷ್ಟೆಲ್ಲ ಮರ್ಯಾದೆ ಇತ್ತು. ಧ್ವನಿಗೆ ಮಾತ್ರ ಮೂರು ಕಾಸಿನ ಕಿಮ್ಮತ್ತಿರಲಿಲ್ಲ. ಮಂಟಪದ ಮಾತು, ನಗು, ಮಕ್ಕಳ ಕಿರುಚಾಟ, ಅಡುಗೆಯವರ ಜಗಳ, ಇದನ್ನೆಲ್ಲ ಯಾರು ಕೇಳುತ್ತಾರೆ? ಅದರ ಮೇಲೆ ಸಿನಿಮಾ ಹಾಡು ಎಳೆದು ಮುಚ್ಚಿಬಿಡಬೇಕು. ಮುಚ್ಚದಿದ್ದರೆ ‘ಏನ್ ಸಾಬ್ರೇ, ಒಂದ್ ಹಾಡೂ ಹಾಕಿಲ್ವಲ್ಲ, ನಮ್ ಮದ್ವೆ ಏನ್ ತಿಥೀನಾ?’ ಎಂದು ಜಗಳಕ್ಕೆ ಬರುತ್ತಿದ್ದರು. ಹಾಗಾಗಿ ಸಾಬರು ಮುಚ್ಚಿದರು. ಇಪ್ಪತ್ತು ವರ್ಷ, ಕಂಡವರ ಮನೆಯ ಮಾತನ್ನೆಲ್ಲ ಹಾಡಿನಡಿ ಹೂತುಹಾಕಿದರು. ಅದರಲ್ಲಿ ಒಂದು ಧ್ವನಿ ಅವರ ಹೆಂಡತಿ ರಹಿಮಾ ಬೀಯದು.

ರಹಿಮಾ ಬೀ ಗೂಳೂರಿನವಳು. ಅಪ್ಪ ಅಲ್ಲಿ ಹಾಸಿಗೆ ಹೊಲಿಯುತ್ತಿದ್ದ. ಬೀದಿಯಲ್ಲಿ ಸಾಬರ ಮನೆ ಅಂತ ಇದ್ದದ್ದು ಅದೊಂದೇ. ಪಕ್ಕದ ಮನೆಯ ಕೊಲ್ಲಾಪುರಮ್ಮನ ಮಗಳು ಉಮಾಮಹೇಶ್ವರಿಯ ಜೊತೆ ಆಡಿ, ಕೊಲ್ಲಾಪುರಮ್ಮನ ಬಾಯಲ್ಲಿ ಸೋಬಾನೆ ಪದ ಕಲಿತು ಬೆಳೆದ ಹುಡುಗಿ. ಮದುವೆಯಾಗಿ ತುಮಕೂರಿಗೆ ಬಂದಾಗ ಅವಳ ಉರ್ದು ಅಷ್ಟಕ್ಕಷ್ಟೇ ಇತ್ತು. ‘ಸೊಸೆ ತಂದಿದ್ದೀನೋ, ಸ್ಕೂಲ್ ಮೇಡಮ್ಮನ್ನ ತಂದಿದ್ದೀನೋ’ ಎಂದು ಅತ್ತೆ ಹಣೆ ಬಡಿದುಕೊಂಡಳಂತೆ. ಹೀಗಾಗಿ ಆ ಮನೆಯಲ್ಲಿ ಗಂಡ ಹೆಂಡಿರ ಪ್ರೀತಿಯೂ ಜಗಳವೂ ಕನ್ನಡದಲ್ಲೇ ನಡೆಯಿತು.

ಅವಳಿಗೆ ಕ್ಯಾಮೆರಾ ಆಗುತ್ತಿರಲಿಲ್ಲ. ಮದುವೆಯಾದ ವಾರದಲ್ಲೇ ಹೇಳಿಬಿಟ್ಟಿದ್ದಳು: ‘ಊರ್ ಹೆಂಗಸ್ರನ್ನೆಲ್ಲ ತೆಕ್ಕೊಳಿ, ನನ್ ಕಡೆ ಮಾತ್ರ ಅದನ್ನ ತಿರುಗಿಸ್ಬೇಡಿ.’ ಸಾಬರು ಆ ಮಾತು ಮೀರಲಿಲ್ಲ. ಊರಿಗೆಲ್ಲ ಆಲ್ಬಮ್ ಮಾಡಿಕೊಟ್ಟವರ ಮನೆಯ ಗೋಡೆ ಖಾಲಿ. ಅದರ ಬಗ್ಗೆ ಅವರಿಗೆ ಕೊರಗೂ ಇರಲಿಲ್ಲ. ಕಣ್ಣು ಮುಚ್ಚಿದರೆ ಅವಳ ಮುಖ ಬರುತ್ತಿತ್ತು. ಬಾರದೆ ಹೋದದ್ದು ಧ್ವನಿ.

ಇಪ್ಪತ್ತೆರಡು ವರ್ಷದ ಹಿಂದೆ, ಗುಬ್ಬಿಯ ಕೊಬ್ಬರಿ ಮಂಡಿಯ ವೀರಭದ್ರಯ್ಯನವರ ಮಗಳು ಅನುಪಮಾಳ ಮದುವೆ. ವೀರಭದ್ರಯ್ಯನವರ ಹೆಂಡತಿಯೇ ಆ ಗೂಳೂರಿನ ಉಮಾಮಹೇಶ್ವರಿ. ‘ನೀನ್ ಬಂದು ಹಾಡ್ದಿದ್ರೆ ನನ್ ಮಗ್ಳು ಹಸೆಗೆ ಏಳಲ್ಲ ಕಣೇ’ ಎಂದು ಗೆಳತಿಯನ್ನು ಕರೆದಳು. ವಿಡಿಯೋ ಗಂಡನಿಗೆ, ಹಾಡು ಹೆಂಡತಿಗೆ. ರಹಿಮಾ ಬೀ ಕಂಬದ ಹಿಂದೆ, ಕ್ಯಾಮೆರಾಕ್ಕೆ ಕಾಣದ ಕಡೆ ನಿಂತು ಹಾಡಿದಳು. ಅಷ್ಟು ಸಾಬರಿಗೆ ನೆನಪಿದೆ. ಏನು ಹಾಡಿದಳು, ಹೇಗೆ ಹಾಡಿದಳು ಎಂಬುದು ನೆನಪಿಲ್ಲ. ಬ್ಯಾಟರಿ ಕೆಂಪು ತೋರಿಸುತ್ತಿತ್ತು, ಲೈಟಿನ ವೈರು ಸಾಲುತ್ತಿರಲಿಲ್ಲ, ಅವರ ಗಮನವೆಲ್ಲ ಅಲ್ಲಿ. ಆಮೇಲೆ ವಾಡಿಕೆಯಂತೆ ಸಿನಿಮಾ ಹಾಡು ಎಳೆದರು, ಸಿಡಿ ಮಾಡಿ ಕೊಟ್ಟರು. ಮೂರು ವಾರಕ್ಕೆ ಹಿರೇಹಳ್ಳಿಯಲ್ಲಿ ಇನ್ನೊಂದು ಮದುವೆ ಬಂತು. ಖಾಲಿ ಟೇಪು ಸಾಲದೆ ಅದೇ ಟೇಪಿನ ಮೇಲೆ ಅದನ್ನು ತುಂಬಿದರು. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು.

ಎರಡು ವರ್ಷ ಕಳೆಯಿತು. ರಹಿಮಾ ಬೀಯ ಗಂಟಲಲ್ಲಿ ಗಡ್ಡೆ ಎಂದು ಆಪರೇಷನ್ ಆಯಿತು. ಜೀವ ಉಳಿಯಿತು, ಧ್ವನಿ ಹೋಯಿತು. ಉಳಿದದ್ದು ಒಣ ಎಲೆಯ ಮೇಲೆ ಕಾಲಿಟ್ಟ ಹಾಗೆ ಬರುವ ಪಿಸುಮಾತು. ಆ ಪಿಸುಮಾತಿನಲ್ಲೇ ಮಗಳನ್ನು ಬೈದಳು, ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿದಳು, ಹತ್ತೊಂಬತ್ತು ವರ್ಷ ಸಂಸಾರ ಮಾಡಿದಳು. ಒಂದೇ ಒಂದು ದಿನ ಗಂಡನ ಪಕ್ಕ ಕೂತು ಕೇಳಿದಳು: ‘ಗುಬ್ಬಿ ಮದ್ವೇಲಿ ಹಾಡಿದ್ನಲ್ಲ, ಆ ಟೇಪ್ ಐತಾ? ನನ್ ದನಿ ಹೆಂಗಿತ್ತು ಅಂತ ನನಗೇ ಮರ್ತೋಗೈತೆ.’

ಸಾಬರು ನಿಜ ಹೇಳಬಹುದಿತ್ತು. ಹೇಳಲಿಲ್ಲ. ‘ಅಟ್ಟದ ಮೇಲೆ ಇರ್ಬೇಕು, ಹುಡುಕ್ತೀನಿ’ ಎಂದರು. ಅವಳು ಮತ್ತೆ ಕೇಳಲಿಲ್ಲ. ಹೋದ ವರ್ಷ ರಂಜಾನ್ ಮುಗಿದು ಹದಿನೈದು ದಿನಕ್ಕೆ ತೀರಿಕೊಂಡಳು. ಅಂದಿನಿಂದ ಸಾಬರಿಗೆ ಬೇಕಾಗಿರುವುದು ಜಗತ್ತಿನಲ್ಲಿ ಒಂದೇ, ಆಪರೇಷನ್ನಿಗೆ ಮುಂಚಿನ ಆ ಧ್ವನಿ. ಮಗಳನ್ನೂ ಒಂದು ದಿನ ಕೇಳಿದರು.

‘ನಿಮ್ಮಮ್ಮ ಹಾಡ್ತಿದ್ದಿದ್ದು ನಿಂಗೆ ನೆನಪೈತೇನಮ್ಮಾ?’

‘ಹಾಡ್ತಿದ್ರು ಅನ್ನೋದು ನೆನಪೈತೆ ಅಬ್ಬಾ. ಕೇಳಿಸಲ್ಲ’ ಎಂದಳು ಫಾಯಿಜಾ.

ಮೊನ್ನೆ ದೀಪಾವಳಿ ಕಳೆದ ಮೇಲೆ ಅದೇ ಬಡಾವಣೆಯ ಹೆಂಗಸೊಬ್ಬಳು ಸಾಬರೇ ಮಾಡಿದ್ದ ಹಳೇ ಮದುವೆ ಸಿಡಿ ತಂದುಕೊಟ್ಟಳು. ಸಾಬರು ಹೆಡ್‌ಫೋನು ಹಾಕಿಕೊಂಡು ಹಚ್ಚಿದರು. ಆ ಹೆಡ್‌ಫೋನಿನ ಬಲಗಡೆ ಸತ್ತು ಎಷ್ಟೋ ದಿನವಾಗಿತ್ತು, ಹೊಸದು ತರಬೇಕೆಂದು ಮಗಳು ಹೇಳುತ್ತಲೇ ಇದ್ದಳು. ಚಿತ್ರದಲ್ಲಿ ಮದುಮಗಳು ಗುಲಾಬಿಯೊಳಗಿಂದ ಎದ್ದಳು. ಹಾಡು ಬರಲಿಲ್ಲ. ಅದರ ಬದಲು ಎಡಗಿವಿಯಲ್ಲಿ, ಬಾವಿಯೊಳಗಿಂದ ಬಂದಷ್ಟು ಸಣ್ಣಗೆ, ಯಾರೋ ಅಜ್ಜಿ ‘ಅಕ್ಕಿ ಕಮ್ಮಿ ಹಾಕ್ರೇ, ಕಣ್ಗೆ ಬೀಳ್ತದೆ’ ಅಂದಳು.

ಸಾಬರ ಕೈ ಹಾಗೇ ನಿಂತಿತು. ತಾವೇ ಮಾಡಿದ ಕೆಲಸ, ತಾವೇ ಮರೆತಿದ್ದರು. ಆ ಕಾಲದ ಮಿಕ್ಸಿಂಗಿನಲ್ಲಿ ಎಡಬದಿಗೆ ಮಂಟಪದ ಧ್ವನಿ, ಬಲಬದಿಗೆ ಹಾಡು. ಹಾಡಿನ ಕಡೆ ಏರಿಸಿ ಮಂಟಪದ ಕಡೆ ಇಳಿಸಿದರೆ ಕೆಲಸ ಮುಗಿಯಿತು. ಟಿವಿಯಲ್ಲಿ ಎರಡೂ ಸೇರಿ ಹಾಡೊಂದೇ ಕೇಳುತ್ತಿತ್ತು. ಅಂದರೆ ಅವರು ಮಂಟಪದ ಧ್ವನಿಯನ್ನು ಇಳಿಸಿದ್ದರೇ ಹೊರತು ಅಳಿಸಿರಲಿಲ್ಲ. ಟೇಪು ಹೋದರೇನು, ಗುಬ್ಬಿಯವರ ಹತ್ತಿರ ಸಿಡಿ ಇದ್ದರೆ ರಹಿಮಾ ಅದರ ಎಡಗಡೆ ಇದ್ದಾಳೆ. ಅವತ್ತು ಮಧ್ಯಾಹ್ನ ಸಾಬರು ಊಟ ಮಾಡಲಿಲ್ಲ.

ಮಾರನೇ ದಿನ ಗುಬ್ಬಿ ಬಸ್ಸು ಹತ್ತಿದರು. ವೀರಭದ್ರಯ್ಯನವರು ಪಡಸಾಲೆಯಲ್ಲಿ ಪೇಪರು ಓದುತ್ತಾ ಕೂತಿದ್ದರು. ವಯಸ್ಸಾದರೂ ಗತ್ತು ಇಳಿದಿರಲಿಲ್ಲ. ಬಾಯ್ತುಂಬ ಮಾತಾಡಿಸಿದರು, ರಹಿಮಾ ಬೀ ಹೋದದ್ದಕ್ಕೆ ಮರುಗಿದರು, ಕಾಫಿ ತರಿಸಿದರು. ಸಿಡಿ ಅಂದ ಕೂಡಲೇ ಮುಖ ಗಂಟಾಯಿತು.

‘ಸಾಬ್ರೇ, ಆ ಮದ್ವೆ ಮೂರ್ ವರ್ಷ ಬಾಳ್ಲಿಲ್ಲ, ನಿಮ್ಗೂ ಗೊತ್ತು. ಅವನ್ ಮುಖ ಇರೋ ಆಲ್ಬಮ್‌ನ ನಾನೇ ಒಲೆಗಾಕ್ದೆ. ಈಗ ಆ ವಿಡಿಯೋ ಎಲ್ಲಾರ ಸಿಕ್ಕಿ ಯಾರೋ ನೋಡಿ, ನನ್ ಮಗಳ ಬಗ್ಗೆ ಆಡ್ಕೊಳೋದು ಬ್ಯಾಡ. ಆ ಸುದ್ದಿ ಬುಟ್ಬುಡಿ.’

ಸಾಬರು ಕಾಫಿ ಲೋಟ ಕೆಳಗಿಟ್ಟು ಎದ್ದರು. ಇನ್ನೊಬ್ಬರ ಮನೆಯ ನೋವಿನ ಮೇಲೆ ನಿಂತು ತನ್ನ ಆಸೆ ತೀರಿಸಿಕೊಳ್ಳುವ ಜಾತಿಯ ಮನುಷ್ಯ ಅಲ್ಲ ಅವರು. ಗೇಟಿನ ಹತ್ತಿರ ಚಪ್ಪಲಿ ಹಾಕಿಕೊಳ್ಳುವಾಗ ಉಮಾಮಹೇಶ್ವರಿ ಹಿಂದೆಯೇ ಬಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದಳು.

‘ಸಿಡಿ ಒಲೆಗೆ ಹೋಗಿಲ್ಲ ಅಣ್ಣಾ. ಅನು ಎತ್ತಿಟ್ಕೊಂಡವ್ಳೆ. ಯಾಕೆ ಅಂತ ನಾನ್ ಕೇಳಿಲ್ಲ. ಕುಣಿಗಲ್ಲಲ್ಲಿ ಸ್ಕೂಲ್ ಮೇಡಂ ಆಗವ್ಳೆ, ಒಬ್ಳೇ ಇದಾಳೆ. ನಾನ್ ಫೋನ್ ಮಾಡಿರ್ತೀನಿ, ಭಾನ್ವಾರ ಹೋಗಿ.’

ಭಾನುವಾರ ಬರಲು ಐದು ದಿನ. ಆ ಐದು ದಿನದಲ್ಲಿ ಸಾಬರು ಮಗಳ ಹಳೇ ಲ್ಯಾಪ್‌ಟಾಪನ್ನು ಮೂರು ಸಲ ಒರೆಸಿದರು, ಸಿಡಿ ಹಾಕುವ ಹೊರಗಿನ ಡ್ರೈವಿನ ವೈರನ್ನು ನಾಲ್ಕು ಸಲ ನೋಡಿದರು. ‘ಅಬ್ಬಾ, ಹೆಣ್ ನೋಡೋಕ್ ಹೋಗೋರ್ ಥರ ಆಡ್ತಿದ್ದೀರಲ್ಲ’ ಎಂದು ಫಾಯಿಜಾ ನಕ್ಕಳು. ಅವರು ನಗಲಿಲ್ಲ. ಅವರಿಗೆ ಭಯವಾಗಿತ್ತು.

ಕುಣಿಗಲ್ಲಿನಲ್ಲಿ ಅನುಪಮಾಳ ಬಾಡಿಗೆ ಮನೆ ಕೆರೆಯ ಕಡೆ ಹೋಗುವ ರಸ್ತೆಯಲ್ಲಿತ್ತು. ಸಾಬರು ಕ್ಯಾಮೆರಾದಲ್ಲಿ ಕಂಡ ಇಪ್ಪತ್ತೆರಡರ ಹುಡುಗಿಗೆ ಈಗ ನಲವತ್ನಾಲ್ಕು. ಕನ್ನಡಕ ಬಂದಿತ್ತು, ಮಾತು ತೂಕವಾಗಿತ್ತು. ಬೀರುವಿನಲ್ಲಿ ಸೀರೆಗಳ ಅಡಿಯಿಂದ ಪ್ಲಾಸ್ಟಿಕ್ ಡಬ್ಬಿ ತೆಗೆದು ತಂದಳು. ಅದರ ಮೇಲೆ ಗಂಡು ಹೆಣ್ಣಿನ ಫೋಟೋ ಇದ್ದ ಕಡೆ ಬಿಳಿ ಕಾಗದ ಅಂಟಿಸಿದ್ದಳು.

‘ಅಂಕಲ್, ಒಂದು ಮಾತು. ಇದನ್ನ ಇಲ್ಲಿಂದ ತಗೊಂಡ್ ಹೋಗೋ ಹಾಗಿಲ್ಲ. ಇಲ್ಲೂ ಪರದೆ ಮೇಲೆ ಬರೋದು ನನಗೆ ಬೇಡ. ನೋಡೋಕಾಗಲ್ಲ.’

‘ಚಿತ್ರ ಬ್ಯಾಡ್ವೇ ಬ್ಯಾಡ ತಾಯಿ. ಅದ್ರಲ್ಲಿ ಅವ್ಳೇ ಇಲ್ವಲ್ಲ’ ಎಂದರು ಸಾಬರು. ‘ದನಿ ಒಂದೇ ತೆಕ್ಕೊಂಡು ನಿಮ್ ಡಬ್ಬಿ ನಿಮ್ಗೇ ಕೊಡ್ತೀನಿ.’

ಡಬ್ಬಿಯಲ್ಲಿ ಮೂರು ಸಿಡಿ. ರಹಿಮಾ ಬೀ ಹಾಡಿದ ಅರಿಶಿನದ ಸಂಜೆಯದು ಮೊದಲನೆಯದು, ಅದರ ಮೈಮೇಲೆ ಗೀರುಗಳು. ಸಾಬರು ಜೇಬಿನಿಂದ ಮೆತ್ತನೆ ಬಟ್ಟೆ ತೆಗೆದು ನಡುವಿನಿಂದ ಅಂಚಿನ ಕಡೆಗೆ ಮಗುವಿನ ಮೂಗು ಒರೆಸುವಷ್ಟು ನಾಜೂಕಾಗಿ ಒರೆಸಿದರು. ಡ್ರೈವಿಗೆ ಹಾಕಿದರು. ಲ್ಯಾಪ್‌ಟಾಪಿನಲ್ಲಿ ಎರಡು ಸಣ್ಣ ಚೌಕಗಳು ಬಂದವು, ವಿಡಿಯೋ ಎಂದೊಂದು, ಆಡಿಯೋ ಎಂದೊಂದು, ಎರಡಕ್ಕೂ ಟಿಕ್ ಬಿದ್ದಿತ್ತು. ಸಾಬರು ವಿಡಿಯೋದ ಟಿಕ್ ತೆಗೆದರು. ಮೂವತ್ತು ವರ್ಷದ ಕಸುಬಿನಲ್ಲಿ ಚಿತ್ರ ಬೇಡವೆಂದು ಧ್ವನಿ ಇಟ್ಟುಕೊಂಡದ್ದು ಅದೇ ಮೊದಲು. ಗುಲಾಬಿ, ವಿಮಾನ, ಹಿಮದ ಬೆಟ್ಟ, ಕಷ್ಟಪಟ್ಟು ಕಲಿತ ಮಿಕ್ಸಿಂಗೆಲ್ಲ ಒಂದು ಒತ್ತಿಗೆ ಆಚೆ ಹೋಯಿತು. ಅವರಿಗೆ ಏನೂ ಅನ್ನಿಸಲಿಲ್ಲ.

ಹಸಿರು ಪಟ್ಟಿ ತುಂಬುತ್ತಾ ಬಂದು ಅರ್ಧಕ್ಕೆ ನಿಂತಿತು. ಡ್ರೈವು ಗರಗರ ಎಂದು ಹಲ್ಲು ಕಡಿಯಿತು. ತೆಗೆದು ಮತ್ತೆ ಒರೆಸಿದರು, ಮತ್ತೆ ಹಾಕಿದರು. ಮತ್ತೆ ಅಲ್ಲೇ ನಿಂತಿತು. ಮೂರನೇ ಸಲ ಓದುವ ವೇಗ ತೀರ ಇಳಿಸಿ, ‘ಯಾ ಅಲ್ಲಾ’ ಎಂದು ಕಣ್ಣು ಮುಚ್ಚಿ ಕೂತರು. ಅನುಪಮಾ ಕಾಫಿ ತಂದಿಟ್ಟಳು, ಅದು ಆರಿತು. ಮುಕ್ಕಾಲು ಗಂಟೆಯ ಮೇಲೆ ಪಟ್ಟಿ ಪೂರ್ತಿ ಹಸಿರಾಯಿತು.

ಬಲಗಡೆಯ ಹಾಡನ್ನು ಬಂದ್ ಮಾಡಿ, ಎಡಗಡೆಯ ಧ್ವನಿ ಎಷ್ಟು ಏರುತ್ತದೋ ಅಷ್ಟು ಏರಿಸಿದರು. ಸ್ಪೀಕರಿನಲ್ಲಿ ಮೊದಲು ಕೊರಕೊರ. ಆಮೇಲೆ ಇಪ್ಪತ್ತೆರಡು ವರ್ಷದ ಹಿಂದಿನ ಆ ಅಂಗಳ ಕೋಣೆಯೊಳಗೆ ಬಂತು. ಬಳೆ, ಪಾತ್ರೆ, ಮಕ್ಕಳು. ಅರಿಶಿನ ಹಚ್ಚಿಸಿಕೊಳ್ಳುತ್ತಿದ್ದ ಹುಡುಗಿಯೊಬ್ಬಳು ಕಚಗುಳಿಯಾದವಳಂತೆ ಗೊಳ್ಳೆಂದು ನಕ್ಕಳು.

‘ಅದು ನಾನು’ ಎಂದಳು ಅನುಪಮಾ. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ‘ನಾನು ಹೀಗ್ ನಗ್ತಿದ್ನಾ ಅಂಕಲ್?’

ಅಷ್ಟರಲ್ಲಿ ಮೈಕಿನ ಹತ್ತಿರದಿಂದಲೇ ಒಬ್ಬ ಗಂಡಸಿನ ಗಡಸು ದನಿ, ‘ಸೈಡಿಗ್ ಬನ್ನೀಮ್ಮಾ, ಲೈಟ್‌ಗೆ ಅಡ್ಡ ಬರ್ಬೇಡಿ!’ ಎಂದು ಕೂಗಿತು. ಸಾಬರಿಗೆ ನಾಚಿಕೆಯಾಯಿತು. ಅದು ಅವರದೇ ದನಿ. ಅದು ನಿಂತ ಮೇಲೆ, ಸ್ವಲ್ಪ ದೂರದಿಂದ, ಕಂಬದ ಹಿಂದಿನಿಂದ ಹಾಡು ಶುರುವಾಯಿತು.

ಹೊಸಿಲ ದಾಟ್ಯಾಳೆ ಮಗಳು, ಹೊರಳಿ ನೋಡ್ಯಾಳೆ ಒಮ್ಮೆ,
ಬಾವಿಯ ಕಟ್ಟೇಲಿ ಬಿಟ್ಟ ಕೊಡವೇ...

ಸಾಬರು ಎರಡು ಕೈಯಿಂದಲೂ ಮೇಜಿನ ಅಂಚು ಹಿಡಿದುಕೊಂಡರು. ತುಂಬು ದನಿ, ಸ್ವಲ್ಪ ಮೂಗಿನದು, ಸಾಲಿನ ಕೊನೆಯಲ್ಲಿ ಒಂಚೂರು ಜಾರಿ ಮತ್ತೆ ನಿಲ್ಲುತ್ತಿತ್ತು. ಅವರಿಗೆ ಅದು ಮರೆತೇ ಹೋಗಿತ್ತು. ಹೀಗಿದ್ದಳು, ಹೀಗೇ ಇದ್ದಳು.

ಕೊಡಕ್ಕೆ ಏನಾಯಿತೆಂದು ತಿಳಿಯಲಿಲ್ಲ. ‘ಸಾಬ್ರೇ! ಬೀಗ್ರು ಊಟಕ್ಕೆ ಕೂತವ್ರೆ, ಬಿರ್ನೆ ಬಂದು ಪಂಕ್ತಿ ತೆಗೀರಿ, ಎಲೆ ತುಂಬಿರೋವಾಗ್ಲೇ ಬರ್ಬೇಕು’ ಎಂದು ವೀರಭದ್ರಯ್ಯನವರ ಗತ್ತಿನ ದನಿ ಅಡ್ಡ ಬಂತು. ‘ಬಂದೆ ಸಾಮಿ’ ಎಂದಿತು ಸಾಬರ ದನಿ. ಆಮೇಲೆ ಚಪ್ಪಲಿಯ ಪಟಪಟ ಸದ್ದು. ಮೈಕು ಇದ್ದದ್ದು ಕ್ಯಾಮೆರಾದ ಮೇಲೆ, ಕ್ಯಾಮೆರಾ ಇದ್ದದ್ದು ಸಾಬರ ಹೆಗಲ ಮೇಲೆ. ಅವರು ಹೆಜ್ಜೆ ಹಾಕಿದಂತೆಲ್ಲ ಹಾಡು ಹಿಂದೆ ಹಿಂದೆ ಸರಿಯಿತು, ಸಣ್ಣದಾಯಿತು, ಬಾಗಿಲು ದಾಟಿದ ಮೇಲೆ ಇಲ್ಲವಾಯಿತು. ಹೆಂಡತಿ ಹಾಡುತ್ತಿದ್ದಾಗ ಎದ್ದುಹೋದ ತಮ್ಮ ಹೆಜ್ಜೆ ಸದ್ದನ್ನು ಸಾಬರು ಒಂದೊಂದಾಗಿ ಕೇಳಿಸಿಕೊಂಡರು.

ಆಮೇಲೆ ಹನ್ನೊಂದು ನಿಮಿಷ ಪಾಯಸ, ಹಪ್ಪಳ, ‘ಸಾರು ಇತ್ಲಾಗ್ ಬರ್ಲಿ.’ ಅನುಪಮಾ ನಿಲ್ಲಿಸಲೇ ಎಂಬಂತೆ ನೋಡಿದಳು. ಸಾಬರು ಬೇಡವೆಂದು ತಲೆಯಲ್ಲಾಡಿಸಿದರು. ಮತ್ತೇನೂ ಸಿಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಆದರೂ ನಿಲ್ಲಿಸಲು ಮನಸ್ಸು ಬರಲಿಲ್ಲ. ಆ ಗದ್ದಲದ ಆಚೆ, ಗೋಡೆಯ ಹಿಂದೆ, ಅವಳು ಹಾಡುತ್ತಲೇ ಇದ್ದಳಲ್ಲ.

ಹನ್ನೆರಡನೇ ನಿಮಿಷದಲ್ಲಿ ಬಳೆ ಸದ್ದು ಮೈಕಿನ ಪಕ್ಕಕ್ಕೇ ಬಂತು. ಏದುಸಿರು. ಆಮೇಲೆ ಅದೇ ದನಿ, ಹಾಡಾಗಿ ಅಲ್ಲ, ಮಾತಾಗಿ.

‘ಇಗೋ, ಫಾಯಿಜಾನ ಅಬ್ಬಾ. ಪೂರ್ತಿ ಹಾಡ್ದೆ. ಕೇಳಿಸ್ತಾ?’

‘ಟೇಪಲ್ಲಿ ಐತಲ್ಲ, ಆಮೇಲೆ ಕೂತ್ಕೊಂಡು ಕೇಳ್ತೀನಿ. ಸರಿ ಆಕಡೆ, ಫ್ರೇಮ್‌ಗೆ ಬರ್ತೀಯ.’

ಅವಳು ನಕ್ಕಳು. ‘ನಿಮ್ ಆಮೇಲೆ ಅನ್ನೋದು ಬಾಗ್ಲ ಮೇಲೆ ಬರ್ದಿರೋ ನಾಳೆ ಬಾ ಇದ್ದಂಗೆ. ಉಂಡ್ಕೊಳಿ ಮೊದ್ಲು.’ ಬಳೆ ಸದ್ದು ದೂರ ಹೋಯಿತು.

ಸಾಬರು ಅತ್ತರು. ಕರವಸ್ತ್ರ ಹುಡುಕಿ ಸಿಗದೆ ಸಿಡಿ ಒರೆಸಿದ ಬಟ್ಟೆಯಲ್ಲೇ ಮುಖ ಒರೆಸಿಕೊಂಡರು. ಅನುಪಮಾ ಎದ್ದು ಹೋಗಿ ನೀರು ತಂದಳು, ಪಕ್ಕದಲ್ಲಿ ಕೂತಳು. ಅವರು ನೀರು ಕುಡಿದ ಮೇಲೆ ಕೇಳಿದಳು: ‘ಮಧ್ಯ ಬರೋ ನಿಮ್ ಮಾತೆಲ್ಲ ತೆಗೆದು ಆಂಟಿದೊಂದೇ ಇಟ್ಕೊಬಹುದಲ್ವಾ ಅಂಕಲ್?’

‘ಇಟ್ಕೊಬಹುದು ತಾಯಿ. ಎರಡ್ ನಿಮಿಷದ ಕೆಲ್ಸ’ ಎಂದರು ಸಾಬರು. ‘ಬ್ಯಾಡ. ಮುಚ್ಚಿದ್ದೂ ಕತ್ತರಿಸಿದ್ದೂ ಸಾಕು.’

ಹೊರಡುವಾಗ ಡಬ್ಬಿಯನ್ನು ಅವಳ ಕೈಗೇ ಕೊಟ್ಟರು. ಅವಳು ತನ್ನ ಫೋನು ಮುಂದೆ ಹಿಡಿದಳು. ಆ ನಗು ಇರುವ ಜಾಗ ಮಾತ್ರ ತನಗೂ ಹಾಕಿಕೊಡಬೇಕಂತೆ. ಚಿತ್ರ ಇಲ್ಲದಿದ್ದರೆ ಕೇಳಬಹುದು ಎಂದಳು. ಸಾಬರು ಹಾಕಿಕೊಟ್ಟು, ಮಗಳಿಗೆ ಹೇಳುವಂತೆ ‘ಚೆನ್ನಾಗಿರಮ್ಮಾ’ ಎಂದು ಹೇಳಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು.

ತುಮಕೂರಿನ ಬಸ್ಸು ಹೆಬ್ಬೂರು ದಾಟಿತು. ಸಾಬರು ಆ ಧ್ವನಿಯನ್ನು ತಮ್ಮ ಫೋನಿಗೂ ಹಾಕಿಕೊಂಡಿದ್ದರು, ಕಿಟಕಿಯ ಪಕ್ಕ ಕೂತು ಇಯರ್‌ಫೋನಿನ ವೈರನ್ನು ಎಡಗಿವಿಗೆ ಸಿಕ್ಕಿಸಿಕೊಂಡಿದ್ದರು. ಒಂದೂವರೆ ಸಾಲು ಹಾಡು, ಹನ್ನೊಂದು ನಿಮಿಷ ಊಟದ ಗದ್ದಲ, ನಾಲ್ಕು ಮಾತು. ಮುಗಿದರೆ ಮತ್ತೆ ಮೊದಲಿಂದ. ಗೂಳೂರು ಬಂತು. ಕೊಲ್ಲಾಪುರಮ್ಮನ ಮನೆಯೂ ಇಲ್ಲ, ಹಾಸಿಗೆ ಹೊಲಿಯುವ ಮಾವನ ಮನೆಯೂ ಇಲ್ಲ, ಆ ಜಾಗದಲ್ಲಿ ಮೊಬೈಲ್ ಅಂಗಡಿ ಎದ್ದಿದೆ. ಬಸ್ಸು ನಿಂತು ಜನ ಇಳಿಯುತ್ತಿರುವಾಗ ಸಾಬರ ಎಡಗಿವಿಯಲ್ಲಿ ಬಳೆ ಸದ್ದಾಯಿತು, ಏದುಸಿರು ಬಂತು. ಪೂರ್ತಿ ಹಾಡ್ದೆ, ಕೇಳಿಸ್ತಾ ಎಂದು ಅವಳು ಕೇಳಿದಳು.

ಸಾಬರು ತಮ್ಮ ಹಳೇ ದನಿ ಉತ್ತರ ಕೊಡುವುದಕ್ಕೆ ಮೊದಲೇ ಗುಂಡಿ ಒತ್ತಿ ನಿಲ್ಲಿಸಿದರು.

‘ಕೇಳಿಸ್ತು ಕಣೇ’ ಎಂದರು, ಗಟ್ಟಿಯಾಗಿಯೇ. ‘ಪೂರ್ತಿ ಅಲ್ಲ. ಒಂದೂವರೆ ಸಾಲು. ಚೆನ್ನಾಗ್ ಹಾಡಿದ್ದೀಯ.’

ಪಕ್ಕದಲ್ಲಿ ಕೂತಿದ್ದ ಹೆಂಗಸು, ಯಜಮಾನರು ಮನೆಯವಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾರೆ ಎಂದುಕೊಂಡು, ಬ್ಯಾಗು ಮಡಿಲಿಗೆ ಎಳೆದುಕೊಂಡು ಅವರಿಗೆ ಸ್ವಲ್ಪ ಜಾಗ ಬಿಟ್ಟಳು.